ಕಥೆ ನಡೆಸುವವನಿಗೊಂದು ಆಯೇರ

ಕಳೆದ ಬೇಸಿಗೆ ರಜೆಯ ಮಾತು. ನಮ್ಮ ರಾಯಚೂರು ಸೀಮೆಯ ಬಿಸಿಲಿನ ಬಗ್ಗೆ ಹೇಳುವುದೇ ಬೇಡ. ಹೊತ್ತು ಮುಳುಗಿ ಎರಡು ತಾಸಾದರೂ ಗೋಡೆ ಕಾದ ಹೆಂಚಿನ ಹಾಗೆ ಇರುತ್ತದೆ. ಹೀಗಾಗಿ ಚೀಕಲಪರ್ವಿಯ ನಮ್ಮ ಮನೆಯಲ್ಲಿ ಬೇಸಿಗೆ ಬಂತೆಂದರೆ ಎಲ್ಲರ ಹಾಸಿಗೆಯೂ ಮಾಳಿಗೆಯ ಮೇಲೆ. ಒಂದು ಶನಿವಾರ ರಾತ್ರಿ ಒಂಬತ್ತರ ಸುಮಾರಿಗೆ ನಾನು ಹಾಸಿಗೆ ಕಂಕುಳಲ್ಲಿ ಇರುಕಿಕೊಂಡು ಮೇಲೆ ಹತ್ತಿದೆ. ಮೂಲೆಯಲ್ಲಿ ಮೊಮ್ಮಗ ಒಬ್ಬನೇ ಕುಳಿತು ಮಾತಾಡುತ್ತಿದ್ದ.

"ನಾ ಬಾಗ್ಲಾ ತೆಗಿಯಂಗಿಲ್ಲ. ಮೊದ್ಲು ಕಿವಿಗೊಟ್ಟು ಕೇಳ್ತೀನಿ. ಒಳಗ ಯಾರರ ಉಸಿರಾಡೋದು ಕೇಳಿಸ್ತದೇನು?"

ನನ್ನ ಎದೆ ಧಸಕ್ಕೆಂದಿತು. ಸುತ್ತ ನೋಡಿದೆ. ಬಾಗಿಲೂ ಇಲ್ಲ, ಒಳಗೂ ಇಲ್ಲ. ಮೇಲೆ ನಕ್ಷತ್ರ, ತುಂಗಭದ್ರೆಯ ಕಡೆಯಿಂದ ಬರುವ ಒಂದಿಷ್ಟು ಗಾಳಿ, ಅಷ್ಟೇ.

"ಯಾರ ಕೂಡ ಮಾತಾಡಾಕತ್ತಿಯಪ್ಪಾ?" ಎಂದೆ.

ಒಂದು ಕಿವಿಯ ಇಯರ್‌ಫೋನ್ ತೆಗೆದು, "ತಾತಾ, ಒಂದ್ ನಿಮಿಷ ಸುಮ್ನಿರು. ನಾ ಈಗ ಪಾಳುಗುಡಿಯೊಳಗ ಅದೀನಿ" ಅಂದ.

ಹನ್ನೊಂದಕ್ಕೆ ಅವನು ಗುಡಿಯಿಂದ ಹೊರಗೆ ಬಂದ. ಆಮೇಲೆ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದ. ನನ್ನ ವಯಸ್ಸಿನ ಓದುಗರಿಗಾಗಿ ಅದನ್ನು ಇಲ್ಲಿ ಹೇಳುತ್ತೇನೆ. ಮಕ್ಕಳೇ, ನಿಮಗೆ ಇದು ಗೊತ್ತಿದ್ದರೂ ಸ್ವಲ್ಪ ತಾಳಿಕೊಳ್ಳಿ.

ಚಿತ್ರವಿಲ್ಲದ ಆಟ

ಆನ್‌ಲೈನ್ ಆಟ ಎಂದರೆ ಗುಂಡು ಹಾರಿಸುವುದು, ಕಾರು ಓಡಿಸುವುದು ಎಂದೇ ನಾನು ತಿಳಿದಿದ್ದೆ. ಇದು ಬೇರೆ ಥರದ್ದು. ಇದಕ್ಕೆ ಪಾತ್ರ ವಹಿಸಿ ಆಡುವ ಆಟ ಎನ್ನಬಹುದು. ಐದು ಮಕ್ಕಳು ಐದು ಮನೆಗಳಲ್ಲಿ ಕುಳಿತಿರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ನನ್ನ ಮೊಮ್ಮಗ ಆ ಕಥೆಯಲ್ಲಿ ಗಿಡಮೂಲಿಕೆ ಬಲ್ಲ ವೈದ್ಯ. ಇನ್ನೊಬ್ಬಳು ಬಿಲ್ಲುಗಾರ್ತಿ, ಮತ್ತೊಬ್ಬ ಬೀಗ ತೆಗೆಯುವುದರಲ್ಲಿ ನಿಸ್ಸೀಮ. ಇವರೆಲ್ಲರ ನಡುವೆ ಕಥೆ ನಡೆಸುವವನು ಒಬ್ಬ. ಅವನು ಮೊಮ್ಮಗನ ಸಹಪಾಠಿಯ ಅಣ್ಣ, ಎಂಜಿನಿಯರಿಂಗ್ ಓದುವ ಹುಡುಗ. ಎಲ್ಲರೂ ಅವನನ್ನು ಅಣ್ಣಾ ಎಂದೇ ಕರೆಯುತ್ತಾರೆ.

ಅಣ್ಣ ಹೇಳುತ್ತಾನೆ: ನೀವು ಹೊಳೆಯ ದಂಡೆಗೆ ಬಂದಿದ್ದೀರಿ. ಪ್ರವಾಹ ಏರುತ್ತಿದೆ. ಇರುವುದು ಒಂದೇ ಹರಿಗೋಲು. ಅಂಬಿಗ ಮೂರೇ ಮಂದಿಯನ್ನು ಕೂರಿಸಿಕೊಳ್ಳುತ್ತೇನೆ ಎನ್ನುತ್ತಾನೆ. ಈಗ ಏನು ಮಾಡುತ್ತೀರಿ?

ಒಬ್ಬ ಅಂಬಿಗನ ಜೊತೆ ಚೌಕಾಶಿಗೆ ಇಳಿಯುತ್ತಾನೆ. ಒಬ್ಬಳು ಈಜುತ್ತೇನೆ ಎನ್ನುತ್ತಾಳೆ. ಈಜಿದರೆ ದಾಟುತ್ತಾಳೋ ಮುಳುಗುತ್ತಾಳೋ ಗೊತ್ತಾಗಬೇಕಾದರೆ ದಾಳ ಹಾಕಬೇಕು. ನಮ್ಮ ಪಗಡೆಯ ದಾಳದ ಹಾಗಲ್ಲ, ಇಪ್ಪತ್ತು ಮುಖದ ದಾಳ. ದೊಡ್ಡ ಅಂಕಿ ಬಿದ್ದರೆ ದಾಟಿದಂತೆ. ಸಣ್ಣದು ಬಿದ್ದರೆ ಸುಳಿಗೆ ಸಿಕ್ಕಂತೆ. ಬಿದ್ದ ಅಂಕಿಗೆ ತಕ್ಕ ಹಾಗೆ ಅಣ್ಣ ಅಲ್ಲೇ ಕಥೆ ತಿರುಗಿಸಬೇಕು. ಕಥೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಅವನಿಗೂ ಪೂರ್ತಿ ಗೊತ್ತಿರುವುದಿಲ್ಲ. ಅಂಬಿಗನ ಮಾತು, ಮುದುಕಿಯ ಮಾತು, ರಾಕ್ಷಸನ ಗರ್ಜನೆ ಎಲ್ಲವೂ ಅವನದೇ ಬಾಯಿಂದ ಬರಬೇಕು.

"ಭಾಳ ಕೆಲಸ ಐತಲ್ಲೋ ಅವನಿಗೆ. ಪಗಾರ ಎಷ್ಟು ಕೊಡ್ತಾರ?" ಎಂದೆ. ಬ್ಯಾಂಕಿನವನ ಪ್ರಶ್ನೆ ಅಂದುಕೊಳ್ಳಿ.

"ಪಗಾರಾ? ಏನೂ ಇಲ್ಲ ತಾತಾ. ಸುಮ್ನ ಮಾಡ್ತಾನ."

ಆ "ಸುಮ್ನ" ಎಂಬ ಮಾತು ನನ್ನ ಕಿವಿಯಲ್ಲಿ ಹಾಗೇ ಉಳಿಯಿತು.

ನಮ್ಮ ಅಟ್ಟದ ಮೇಲೂ ಇತ್ತು

ಮುಂದಿನ ಶನಿವಾರ ಒಂದು ಇಯರ್‌ಫೋನ್ ನನ್ನ ಕಿವಿಗೂ ಬಂತು. ಕಾಲು ತಾಸಿನಲ್ಲಿ ನನಗೆ ನಗು ಬಂದುಬಿಟ್ಟಿತು. ಇದನ್ನು ನಾನು ಹುಡುಗನಾಗಿದ್ದಾಗಲೇ ನೋಡಿದ್ದೆ!

ನಮ್ಮ ಕಡೆಯ ಬಯಲಾಟ, ಅದರಲ್ಲೂ ದೊಡ್ಡಾಟ ನೋಡಿದವರಿಗೆ ಗೊತ್ತು. ಪಾತ್ರಧಾರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಕುಣಿಯುತ್ತ ಅಟ್ಟಕ್ಕೆ ಬಂದ ಕೂಡಲೇ ಕಥೆ ಮುಂದೆ ಹೋಗುವುದಿಲ್ಲ. ಸಾರಥಿ ಅವನನ್ನು ತಡೆದು ಮಾತಾಡಿಸುತ್ತಾನೆ. ತಾವು ಯಾರು, ಯಾವ ರಾಜ್ಯದವರು, ಈ ಸಭೆಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಆಗ ಪಾತ್ರ ತನ್ನ ಒಡ್ಡೋಲಗವನ್ನು ತಾನೇ ಹೇಳಿಕೊಳ್ಳುತ್ತದೆ. ಮೊಮ್ಮಗನ ಅಣ್ಣನೂ ಅದನ್ನೇ ಮಾಡುತ್ತಿದ್ದ. ನೀನು ಯಾರು, ಏನು ಮಾಡುತ್ತೀ ಎಂದು ಒಬ್ಬೊಬ್ಬರನ್ನೂ ಕೇಳಿ ಕಥೆಯೊಳಕ್ಕೆ ಕರೆದುಕೊಳ್ಳುತ್ತಿದ್ದ.

ಇನ್ನೂ ಹತ್ತಿರದ ನಂಟು ಕರಾವಳಿಯಲ್ಲಿದೆ. ಬ್ಯಾಂಕಿನ ಗೆಳೆಯರೊಬ್ಬರ ಮನೆಯ ಮದುವೆಗೆಂದು ಉಡುಪಿ ಕಡೆ ಹೋದಾಗ ತಾಳಮದ್ದಳೆ ನೋಡಿದ್ದೆ. ಕಾಸರಗೋಡಿನ ಕನ್ನಡಿಗರಲ್ಲೂ ಅದು ಮನೆಮಾತು. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಪಂಚೆ, ಶಲ್ಯದಲ್ಲೇ ಎದುರುಬದುರು ಕುಳಿತಿರುತ್ತಾರೆ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಆ ಪದದ ಮೇಲೆ ಒಬ್ಬರು ಕೃಷ್ಣನಾಗಿ, ಒಬ್ಬರು ಕರ್ಣನಾಗಿ ಆ ಕ್ಷಣಕ್ಕೆ ಹೊಳೆದ ಮಾತನ್ನು ಆಡುತ್ತಾರೆ. ಬರೆದುಕೊಟ್ಟ ಸಂಭಾಷಣೆ ಅಲ್ಲಿಲ್ಲ. ಕಥೆಯ ದಾರಿ ತಪ್ಪದಂತೆ ನೋಡಿಕೊಳ್ಳುವವರು ಭಾಗವತರು. ಇಯರ್‌ಫೋನಿನಲ್ಲಿ ಕೇಳಿದ ಆಟಕ್ಕೂ ಇದಕ್ಕೂ ವ್ಯತ್ಯಾಸ ಬಹಳವಿಲ್ಲ.

ಹೊರದೇಶದಲ್ಲಿ ಈ ಆಟಕ್ಕೆ ಐವತ್ತು ವರ್ಷದ ಚರಿತ್ರೆ ಇದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಒಂದು ಮೇಜಿನ ಸುತ್ತ ಕುಳಿತು, ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಆಡುವುದು. ಕಥೆ ನಡೆಸುವವನಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ನೋಡಿ, ಅಲ್ಲಿಯೂ ಮಾಸ್ತರ! 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಬರೀ ಅಕ್ಷರಗಳಲ್ಲೇ ನಡೆಯುವ ಇಂಥದೊಂದು ಆಟವನ್ನು ಕಂಪ್ಯೂಟರಿಗೆ ತಂದರು. 1999ರಲ್ಲಿ ಬಂದ 'ಎವರ್‌ಕ್ವೆಸ್ಟ್' ಎಂಬ ಆನ್‌ಲೈನ್ ಆಟದಲ್ಲಿ ಗೈಡ್ ಎಂಬ ಸ್ವಯಂಸೇವಕರಿದ್ದರು. ಅವರು ಆಟಗಾರರಿಗೆ ನೆರವಾಗುತ್ತಿದ್ದರು, ತಾವೇ ಪಾತ್ರವಾಗಿ ಬಂದು ಸಣ್ಣಪುಟ್ಟ ಕಥೆ ನಡೆಸುತ್ತಿದ್ದರು. 2002ರ 'ನೆವರ್‌ವಿಂಟರ್ ನೈಟ್ಸ್' ಎಂಬ ಆಟದಲ್ಲಂತೂ, ಒಬ್ಬರು ಮೇಲಿನಿಂದ ನೋಡುತ್ತ ಎಲ್ಲರಿಗೂ ಕಥೆ ನಡೆಸಲು ಬೇರೆಯೇ ಸೌಲಭ್ಯ ಮಾಡಿಕೊಟ್ಟಿದ್ದರು. ಎಷ್ಟೋ ಜನ ಹಗಲು ನೌಕರಿ ಮುಗಿಸಿ, ರಾತ್ರಿ ಗುರುತಿಲ್ಲದವರಿಗಾಗಿ ವರ್ಷಗಟ್ಟಲೆ ಕಥೆ ನಡೆಸಿದರು. ಅವರೆಲ್ಲ ಮಾಡಿದ್ದೂ "ಸುಮ್ನ".

ಸುಮ್ಮನೆ ಮಾಡಿದ ಕೆಲಸಕ್ಕೆ ಬೆಲೆ ಇಲ್ಲವೇ? ಈ ಪ್ರಶ್ನೆ ಅಮೆರಿಕದಲ್ಲಿ ಕೋರ್ಟಿಗೂ ಹೋಗಿತ್ತು. ಅಮೆರಿಕ ಆನ್‌ಲೈನ್ ಎಂಬ ಕಂಪನಿಗಾಗಿ ಹರಟೆಕೋಣೆಗಳನ್ನು ನಡೆಸಿಕೊಡುತ್ತಿದ್ದ ಸ್ವಯಂಸೇವಕರು, ನಾವು ಮಾಡಿದ್ದು ನೌಕರಿಯೇ, ಕೂಲಿ ಕೊಡಿ ಎಂದು 1999ರಲ್ಲಿ ದಾವೆ ಹೂಡಿದರು. 2010ರಲ್ಲಿ ಒಂದೂವರೆ ಕೋಟಿ ಡಾಲರಿಗೆ ರಾಜಿಯಾಯಿತು. ಕಂಪನಿ ಲಾಭ ಮಾಡುವ ಜಾಗದಲ್ಲಿ ಹಾಗೆ ಕೇಳುವುದು ಸರಿಯೇ. ಆದರೆ ಗೆಳೆಯರ ನಡುವೆ ಕಥೆ ನಡೆಸುವವನು ಕೋರ್ಟಿಗೆ ಹೋಗುವುದಿಲ್ಲ. ಒಂದು ದಿನ ಸುಮ್ಮನೆ ಬರುವುದನ್ನು ಬಿಡುತ್ತಾನೆ. ನಮ್ಮ ಮಾಳಿಗೆಯ ಮೇಲೂ ಆದದ್ದು ಅದೇ.

ಅಣ್ಣ ಬಾರದ ಶನಿವಾರ

ಮೂರನೆಯ ಶನಿವಾರ ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಅಣ್ಣನ ದನಿ ಇಲ್ಲ. ಕೊನೆಗೆ ಅವನದೊಂದು ಸಂದೇಶ ಬಂತು. ಮೊಮ್ಮಗ ಓದಿ ಹೇಳಿದ. ಪರೀಕ್ಷೆ ಹತ್ತಿರ ಬಂದಿದೆ. ಕಳೆದ ಮೂರು ವಾರ ಇಬ್ಬರು ಹೇಳದೆ ಕೇಳದೆ ತಪ್ಪಿಸಿದಿರಿ. ಬಂದವರಲ್ಲಿ ಕೆಲವರು ನಡುವೆ ಬೇರೆ ಆಟ ಆಡುತ್ತಿದ್ದಿರಿ. ನನಗೆ ಸುಸ್ತಾಗಿದೆ. ಇನ್ನು ಸಾಕು.

ಮಕ್ಕಳ ಉತ್ತರಗಳು ಒಂದರ ಮೇಲೊಂದು ಬಂದವು. ಇದು ಮೋಸ ಅಂದ ಒಬ್ಬ. ಕಥೆ ಅರ್ಧಕ್ಕೆ ಬಿಟ್ಟರೆ ಹೆಂಗೆ ಅಂದಳು ಇನ್ನೊಬ್ಬಳು. ನನ್ನ ಮೊಮ್ಮಗನೂ ಏನೋ ಖಾರವಾಗಿ ಬರೆದ. ಆಮೇಲೆ ನನ್ನ ಕಡೆ ತಿರುಗಿ, "ಅಂವಾ ಹಿಂಗ ಕೈಕೊಡಬಾರದಿತ್ತು ತಾತಾ" ಅಂದ.

"ಇಷ್ಟು ದಿನದಾಗ ನೀ ಅವನಿಗೆ ಒಂದ್ಸಲರ, ಅಣ್ಣಾ ಇವತ್ತಿನ ಕಥಿ ಚಲೋ ಇತ್ತು ಅಂತ ಹೇಳಿಯೇನು?"

ಅವನು ಯೋಚಿಸಿದ. "ಅದನ್ನ ಹೇಳಬೇಕಾ? ಚಲೋ ಇರದಿದ್ರ ನಾವು ಯಾಕ ಬರ್ತಿದ್ವಿ? ಅವನಿಗೆ ಗೊತ್ತೇ ಇರ್ತದಲ್ಲ."

ಇದೇ ಮಾತನ್ನು ಅರವತ್ತು ವರ್ಷದ ಹಿಂದೆ ನಮ್ಮೂರಿನ ಹಿರಿಯರೂ ಅಂದುಕೊಂಡಿದ್ದರು. ಆ ರಾತ್ರಿ ಮೊಮ್ಮಗನಿಗೆ ಆ ಕಥೆ ಹೇಳಿದೆ. ಮನೆಯವರಿಗೂ ನಾನು ಅದನ್ನು ಅಲ್ಲಿವರೆಗೆ ಹೇಳಿರಲಿಲ್ಲ.

ನಾನು ಬರೆದ ಮೊದಲ ಲೆಕ್ಕ

ನಾನಾಗ ಏಳನೇ ಇಯತ್ತೆ. ಸುಗ್ಗಿ ಮುಗಿದ ಮೇಲೆ ಬಯಲಾಟ ಆಡಿಸಬೇಕೆಂದು ಊರಿನವರು ವಂತಿಗೆ ಕೂಡಿಸಿದರು. ಪ್ರಸಂಗ ಬಬ್ರುವಾಹನನ ಕಾಳಗ. ಕಲಿಸಲು ಮೂರು ಹರದಾರಿ ದೂರದ ಊರಿಂದ ಒಬ್ಬ ಮಾಸ್ತರರು ಬರುತ್ತಿದ್ದರು. ಅವರು ಶಾಲೆಯ ಮಾಸ್ತರರಲ್ಲ, ಬಯಲಾಟದ ಮಾಸ್ತರರು. ಹಗಲು ಹೊಲದ ಕೆಲಸ, ಸಂಜೆ ನಡೆದು ನಮ್ಮೂರಿಗೆ. ಎರಡು ತಿಂಗಳು ತಾಲೀಮು ನಡೆಯಿತು. ಅಕ್ಷರ ಬಾರದ ಗಂಡಸರಿಗೆ ಒಂದೊಂದೇ ಸಾಲು ಹೇಳಿಕೊಟ್ಟು, ಅರ್ಜುನನ್ನೂ ಚಿತ್ರಾಂಗದೆಯನ್ನೂ ಅವರು ಮಾಡಿ ನಿಲ್ಲಿಸಿದರು.

ನನ್ನ ಅಕ್ಷರ ಚೆನ್ನಾಗಿತ್ತು. ಲೆಕ್ಕ ಬರೆಯುವ ಕೆಲಸ ನನಗೆ ಬಂತು. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಪೆಟ್ರೋಮ್ಯಾಕ್ಸ್ ಬಾಡಿಗೆ, ಸೀಮೆಎಣ್ಣೆ, ಮುಖದ ಬಣ್ಣ, ಕಿರೀಟ ಭುಜಕೀರ್ತಿಗಳ ಬಾಡಿಗೆ, ಚಹಾ, ಸಕ್ಕರೆ, ಮಂಡಾಳು, ಮಿರ್ಚಿ. ಒಂದು ಪೈಸೆಯೂ ತಪ್ಪದಂತೆ ಬರೆದೆ.

ಆಟದ ರಾತ್ರಿ ಮಾಸ್ತರರು ಹತ್ತು ಗಂಟೆಗೆ ತಾಳ ಹಿಡಿದು ನಿಂತವರು ಬೆಳಗಿನವರೆಗೂ ಕೂಡಲಿಲ್ಲ. ಬಬ್ರುವಾಹನನ ಪಾತ್ರದವನು ಮೂರು ಕಡೆ ಮಾತು ಮರೆತ. ಮೂರೂ ಸಲ ಮಾಸ್ತರರು ಹಿಂದಿನಿಂದ ಪದ ಎತ್ತಿ, ಮರೆತದ್ದು ಯಾರಿಗೂ ತಿಳಿಯದ ಹಾಗೆ ಮುಚ್ಚಿದರು. ಬೆಳಗಾಗುವಷ್ಟರಲ್ಲಿ ಅವರ ಗಂಟಲು ಕಟ್ಟಿಹೋಗಿತ್ತು. ನಾವು ಹುಡುಗರು ಆ ಒಡಕು ದನಿಯನ್ನು ಅಣಕಿಸಿ ನಕ್ಕೆವು. ಅವರಿಗೆ ಕೇಳಿಸಿತು. ಅವರೂ ನಕ್ಕರು.

ಬೆಳಿಗ್ಗೆ ಕಟ್ಟೆಯ ಮೇಲೆ ಲೆಕ್ಕ ಓದಿದೆ. "ಎಲ್ಲಾ ಬರದಿಯೇನಲೆ?" ಎಂದರು ಹಿರಿಯರು. "ಎಲ್ಲಾ ಬರದೀನ್ರಿ" ಎಂದೆ. ಲೆಕ್ಕ ತಾಳೆಯಾಗಿತ್ತು. ನಾಲ್ಕು ರೂಪಾಯಿ ಉಳಿದಿತ್ತು. ಶಹಬ್ಬಾಸ್ ಎಂದು ಬೆನ್ನು ತಟ್ಟಿದರು.

ನಮ್ಮ ಉತ್ತರ ಕರ್ನಾಟಕದಲ್ಲಿ ಆಯೇರ ಮಾಡುವುದು ಎಂಬ ಪದ್ಧತಿ ಇದೆ. ಮದುವೆಯಲ್ಲಿ ಮಾಡುವ ಹಾಗೆಯೇ ಆಟದಲ್ಲೂ ಮೆಚ್ಚಿದವರಿಗೆ ಧೋತರವೋ ಟವೆಲೋ ಒಂದು ರೂಪಾಯಿಯೋ ಕೊಟ್ಟು, ಇಂಥವರು ಇಂಥವರಿಗೆ ಆಯೇರ ಮಾಡಿದರು ಎಂದು ಎಲ್ಲರ ಮುಂದೆ ಕೂಗಿ ಹೇಳುವುದು. ಆ ರಾತ್ರಿ ಅರ್ಜುನನಿಗೆ ಆಯೇರ ಬಂತು, ಬಬ್ರುವಾಹನನಿಗೂ ಬಂತು. ಮಾಸ್ತರರಿಗೆ ಊರವರು ಮಾಡುತ್ತಾರೆಂದು ಪಾತ್ರಧಾರಿಗಳು ತಿಳಿದರು. ಪಾತ್ರಧಾರಿಗಳು ಮಾಡುತ್ತಾರೆಂದು ಊರವರು ತಿಳಿದರು. ಅವರು ಚಹಾ ಕುಡಿದು, ತಾಳವನ್ನು ವಸ್ತ್ರದಲ್ಲಿ ಸುತ್ತಿಕೊಂಡು, ಹೊಳೆದಂಡೆಯ ಹಾದಿ ಹಿಡಿದು ಹೋದರು.

ಮರುವರ್ಷ ಕರೆಯಲು ಹೋದವರಿಗೆ ಅವರು ಕಾಲು ನೋಯುತ್ತದೆ ಎಂದರಂತೆ. ಆ ವರ್ಷ ನಮ್ಮೂರಲ್ಲಿ ಆಟ ಆಗಲಿಲ್ಲ.

ಮುಂದೆ ನಾನು ಬಿ.ಕಾಂ. ಓದುವಾಗ ತಾಳೆಪಟ್ಟಿಯ ಪಾಠದಲ್ಲಿ ಒಂದು ಮಾತು ಬಂತು. ಒಂದು ಬಾಬ್ತನ್ನು ಜಮಾ ಕಡೆಗೂ ಬರೆಯದೆ ಖರ್ಚಿನ ಕಡೆಗೂ ಬರೆಯದೆ ಪೂರ್ತಿಯಾಗಿ ಬಿಟ್ಟರೆ, ತಾಳೆಪಟ್ಟಿ ಆ ತಪ್ಪನ್ನು ಹಿಡಿಯುವುದಿಲ್ಲ. ಎರಡೂ ಕಡೆಯ ಮೊತ್ತ ಸರಿಯಾಗಿಯೇ ಬರುತ್ತದೆ. ಉಪನ್ಯಾಸಕರು ಹಲಗೆಯ ಮೇಲೆ ಬರೆಯುತ್ತಿದ್ದರು. ನನಗೆ ಕಂಡದ್ದು ಹೊಳೆದಂಡೆಯ ಮೇಲೆ ನಡೆದುಹೋಗುತ್ತಿದ್ದ ಒಬ್ಬ ಮನುಷ್ಯ. ನನ್ನ ಲೆಕ್ಕ ತಾಳೆಯಾಗಿತ್ತು, ಆದರೆ ಸರಿ ಇರಲಿಲ್ಲ. ಸುಮ್ಮನೆ ಸಿಕ್ಕದ್ದು ಯಾವ ಪುಸ್ತಕದಲ್ಲೂ ತಾನಾಗಿ ಏರುವುದಿಲ್ಲ. ಅದನ್ನು ಪಡೆದವರೇ ನೆನಪಿಟ್ಟು ಬರೆಯಬೇಕು.

ಆಯುಷ್ಯದ ಲೆಕ್ಕ

ಮೊಮ್ಮಗ ಸುಮ್ಮನೆ ಕುಳಿತಿದ್ದ. "ಈಗ ನಿಮ್ಮ ಅಣ್ಣಂದು ಲೆಕ್ಕ ಹಾಕೋಣ ಬಾ" ಎಂದೆ.

ಆಟ ಶುರುವಾದದ್ದು ಹಿಂದಿನ ಅಕ್ಟೋಬರಿನಲ್ಲಿ. ಆಗಿದ್ದು 32 ಶನಿವಾರ. ಪ್ರತಿ ಶನಿವಾರ ಎರಡು ತಾಸು ಆಟ. ಅದಕ್ಕೆ ಮೊದಲು ಕಥೆ ಕಟ್ಟಲು, ನಕ್ಷೆ ಬರೆಯಲು ಅವನಿಗೆ ಮೂರು ತಾಸು ಬೇಕೆಂದು ಸಹಪಾಠಿ ಹೇಳಿದ್ದನಂತೆ. ವಾರಕ್ಕೆ 5 ತಾಸಿನಂತೆ 160 ತಾಸು. ದಿನಕ್ಕೆ 8 ತಾಸು ಹಿಡಿದರೆ 20 ದಿನದ ದುಡಿಮೆ. ಇತ್ತ ಐದು ಮಕ್ಕಳು ತಲಾ 64 ತಾಸು ಖುಷಿಪಟ್ಟರು, ಒಟ್ಟು 320 ತಾಸು. ಕೊಟ್ಟದ್ದರ ಎರಡರಷ್ಟು! ಎಂಟು ತಿಂಗಳೊಳಗೆ ಎರಡುಪಟ್ಟಾಗುವ ಠೇವಣಿಯನ್ನು ನಾನು ಬ್ಯಾಂಕಿನಲ್ಲಿದ್ದಷ್ಟೂ ವರ್ಷ ಕಂಡವನಲ್ಲ.

"20 ದಿನ!" ಅಂದ ಮೊಮ್ಮಗ. "ಅವನ ಆಯುಷ್ಯದಾಗಿಂದ?"

ಆಯುಷ್ಯ ಎಂಬ ಮಾತು ಅವನ ಬಾಯಿಗೆ ಬಂದದ್ದಕ್ಕೆ ಕಾರಣವಿದೆ. ನಮ್ಮ ಊರು ವಿಜಯದಾಸರ ಊರು. ಸುಳಾದಿಗಳಿಗೆ ಹೆಸರಾದ, 1755ರಲ್ಲಿ ಚಿಪ್ಪಗಿರಿಯಲ್ಲಿ ದೇಹ ಬಿಟ್ಟ ಆ ಹರಿದಾಸರ ಕಥೆಗಳನ್ನು ಇಲ್ಲಿನ ಮಕ್ಕಳು ಅಜ್ಜಿಯರ ಬಾಯಿಂದಲೇ ಕೇಳಿರುತ್ತಾರೆ. ಅದರಲ್ಲಿ ಒಂದು ಮಾನ್ವಿಯದು. ಅಲ್ಲಿ ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ಪಂಡಿತರಿದ್ದರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರೆಂದರೆ ಅವರಿಗೆ ಅಷ್ಟಕ್ಕಷ್ಟೆ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವು ಎಂದು ನೆಪ ಹೇಳಿ ತಪ್ಪಿಸಿಕೊಂಡರು. ನೆಪದ ಹೊಟ್ಟೆನೋವು ನಿಜದ್ದೇ ಆಗಿ ಅವರನ್ನು ಹಾಸಿಗೆ ಹಿಡಿಸಿತು. ತಪ್ಪಿನ ಅರಿವಾಗಿ ಬಂದ ಅವರನ್ನು ವಿಜಯದಾಸರು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷವನ್ನು ಅವರಿಗೆ ಧಾರೆಯೆರೆದರು. ಬದುಕಿ ಉಳಿದ ಆಚಾರ್ಯರು ಜಗನ್ನಾಥದಾಸರಾಗಿ, ಕನ್ನಡದಲ್ಲಿ 'ಹರಿಕಥಾಮೃತಸಾರ' ರಚಿಸಿದರು. ಕಥೆ ಹೀಗಿದೆ.

ಅದು ಮಹಾತ್ಮರ ಮಾತು. ಆದರೆ ಶನಿವಾರ ರಾತ್ರಿ ಎರಡು ತಾಸು ನಿಮಗಾಗಿ ಕಥೆ ನಡೆಸುವವನೂ ತನ್ನ ಆಯುಷ್ಯದಿಂದಲೇ ತೆಗೆದು ಕೊಡುತ್ತಾನೆ. ಬೇರೆ ಕಡೆಯಿಂದ ತರಲು ಅವನಿಗೆ ತಾಸು ಸಿಕ್ಕುವುದಿಲ್ಲ.

ಐದು ಕಾಗದ

ಮರುದಿನ ಮೊಮ್ಮಗ ಉಳಿದ ನಾಲ್ವರಿಗೂ ಫೋನು ಮಾಡಿದ. ಒಬ್ಬೊಬ್ಬರೂ ಅಣ್ಣನಿಗೆ ಬೇರೆ ಬೇರೆಯಾಗಿ ಬರೆಯುವುದೆಂದು ಆಯಿತು. ನಾನು ಹೇಳಿದ್ದು ಒಂದೇ ಮಾತು: "ಬರೇ ಥ್ಯಾಂಕ್ಸ್ ಅಂತ ಬರೀಬ್ಯಾಡ್ರಿ. ಯಾವ ಜಾಗ ಮನಸ್ಸಿನಾಗ ಉಳದದ ಅಂತ ಬರೀರಿ."

ಬಿಲ್ಲುಗಾರ್ತಿ, ಅಂಬಿಗ ಹಣ ಬೇಡವೆಂದು ಸುಮ್ಮನೆ ಹುಟ್ಟು ಹಾಕಿದ ರಾತ್ರಿಯನ್ನು ನೆನೆದು ಬರೆದಳು. ಮಾತು ಕಡಿಮೆಯಾಡುವ ಇನ್ನೊಬ್ಬ ಹುಡುಗನಿಗೆ ಯಾವಾಗಲೂ ದಾಳದಲ್ಲಿ ಸಣ್ಣ ಅಂಕಿಯೇ ಬೀಳುತ್ತದಂತೆ. ಅವನು ಬರೆದದ್ದು: ನಾನು ಹಾಳುಬಾವಿಗೆ ಬಿದ್ದಾಗ ಎಲ್ಲರೂ ನಕ್ಕರು, ನೀನು ನಗಲಿಲ್ಲ. ಬಾವಿಯ ಒಳಗೆ ಸುರಂಗದ ಬಾಗಿಲು ಇಟ್ಟೆ. ನಾನು ಬಿದ್ದದ್ದರಿಂದಲೇ ಎಲ್ಲರಿಗೂ ದಾರಿ ಸಿಕ್ಕಿತು. ಮೊಮ್ಮಗ ಮೊದಲು ಕ್ಷಮೆ ಕೇಳಿದ, ಆಮೇಲೆ 32 ಶನಿವಾರದ ಲೆಕ್ಕವನ್ನು ಹಾಗೆಯೇ ಇಳಿಸಿದ.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬಂತು. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ತಿಳಿದಿದ್ದೆ ಎಂದು ಒಂದು ಸಾಲು. ಪರೀಕ್ಷೆ ಮುಗಿಯುವವರೆಗೆ ಆಗುವುದಿಲ್ಲ, ಆಮೇಲೂ ಹದಿನೈದು ದಿನಕ್ಕೊಮ್ಮೆ ಮಾತ್ರ ಎಂದು ಇನ್ನೊಂದು ಸಾಲು. ಮಕ್ಕಳು ಒಪ್ಪಿದರು.

ನಿಮ್ಮ ಮನೆಯ ಮಕ್ಕಳೂ ಇಂಥ ಆಟ ಆಡುತ್ತಿರಬಹುದು. ಅದಕ್ಕೆ ನಾವು ತಾತ ಮೊಮ್ಮಗ ಕೂಡಿ ಕಟ್ಟಿದ ನಾಲ್ಕು ಮಾತು ಇಲ್ಲಿವೆ.

ಮಕ್ಕಳೇ, ಹೇಳಿದ ಹೊತ್ತಿಗೆ ಬನ್ನಿ. ಬರಲಾಗದಿದ್ದರೆ ಮೊದಲೇ ತಿಳಿಸಿ. ಮೂರು ತಾಸು ಕಟ್ಟಿದ ಕಥೆ ಕೇಳುವವರಿಲ್ಲದೆ ಉಳಿದರೆ ಆಗುವ ಬೇಸರ ಬಹಳ. ಕಥೆ ನಡೆಯುವಾಗ ಬೇರೆ ಕಿಟಕಿ ತೆರೆಯಬೇಡಿ. ಗೆಳೆಯನ ಸರದಿಯಲ್ಲಿ ಬಾಯಿ ಹಾಕಬೇಡಿ. ಪ್ರತಿ ವಾರ ಒಬ್ಬರು, ಇಂದು ಏನೇನಾಯಿತು ಎಂದು ಅರ್ಧ ಪುಟ ಬರೆದಿಡಿ. ಕಥೆ ನಡೆಸುವವನ ಅರ್ಧ ಭಾರ ಅದರಲ್ಲೇ ಇಳಿಯುತ್ತದೆ. ಚಿತ್ರ ಬರುವವರು ನಕ್ಷೆ ಬರೆದುಕೊಡಿ. ಅವನ ತೀರ್ಪು ಹಿಡಿಸದಿದ್ದರೆ ಆಟ ಮುಗಿದ ಮೇಲೆ ಮೆತ್ತಗೆ ಕೇಳಿ. ಅವನು ರಜೆ ಕೇಳಿದರೆ ಮುಖ ಗಂಟಿಕ್ಕದೆ ಕೊಡಿ. ಆಗಾಗ ನಿಮ್ಮಲ್ಲೊಬ್ಬರು ಕಥೆ ನಡೆಸಿ, ಅವನಿಗೂ ಆಡುವ ಅವಕಾಶ ಮಾಡಿ.

ಅಜ್ಜ ಅಜ್ಜಿಯರೇ, ಮೊದಲು ಕಥೆ ನಡೆಸುವವರು ಯಾರು ಎಂಬುದನ್ನು ತಿಳಿದುಕೊಳ್ಳಿ. ನಮ್ಮಲ್ಲಿ ಅವನು ಗುರುತಿನ ಮನೆಯ ಹುಡುಗ. ಅವನ ತಂದೆ ತಾಯಿಯ ಜೊತೆ ನನ್ನ ಮಗ ಮಾತಾಡಿದ್ದಾನೆ. ಗುರುತಿಲ್ಲದವರಾದರೆ ಮಗುವಿನ ನಿಜಹೆಸರು, ಶಾಲೆ, ಮನೆಯ ವಿಳಾಸ, ಫೋಟೊ ಯಾವುದನ್ನೂ ಕೊಡಬಾರದು. ಹಣ ಕಳಿಸುವ ಮಾತು ಬಂದರೆ ಅದು ದೊಡ್ಡವರ ಕೈಯಿಂದಲೇ ಆಗಬೇಕು. ಡಿಸ್ಕಾರ್ಡ್‌ನಂಥ ಆ್ಯಪ್‌ಗಳಿಗೆ ಕನಿಷ್ಠ 13 ವರ್ಷ ಆಗಿರಬೇಕೆಂಬ ನಿಯಮವಿದೆ, ಅದನ್ನು ಮೀರಬೇಡಿ. ಎಷ್ಟು ಹೊತ್ತು ಎಂಬುದನ್ನು ಮೊದಲೇ ಗೊತ್ತುಮಾಡಿ. ಗೊತ್ತುಮಾಡಿದ ಮೇಲೆ ನಡುವೆ ಊಟಕ್ಕೆ ಕೂಗಿ ಎಬ್ಬಿಸಬೇಡಿ, ಬಯಲಾಟದ ನಡುವೆ ಅರ್ಜುನನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಆಗುವುದಾದರೆ ಒಂದು ರಾತ್ರಿ ನೀವೂ ಒಂದು ಕಿವಿ ಕೊಟ್ಟು ಕೇಳಿ.

ಮಾರ್ಚ್ 20 ವಿಶ್ವ ಕಥನ ದಿನ. ಡಿಸೆಂಬರ್ 5 ಸ್ವಯಂಸೇವಕರ ದಿನವೆಂದು ವಿಶ್ವಸಂಸ್ಥೆ 1985ರಲ್ಲಿ ಗೊತ್ತುಮಾಡಿದೆ. ದಿನ ನೆಪವಷ್ಟೇ, ಆದರೆ ನೆಪವೂ ಬೇಕು. ಅಂದು ಆಟದ ಅಣ್ಣನಿಗೂ, ಶಾಲೆಯ ನಾಟಕ ಕಲಿಸಿದ ಗುರುಗಳಿಗೂ, ಊರ ಬಯಲಾಟದ ಮಾಸ್ತರರಿಗೂ, ಮಲಗುವ ಮೊದಲು ಕಥೆ ಹೇಳುವ ಅಜ್ಜಿಗೂ ಒಂದು ಆಯೇರ ಇರಲಿ.

ಮೊಮ್ಮಗನ ಸರದಿ

ಪರೀಕ್ಷೆ ಮುಗಿದ ಮೇಲಿನ ಮೊದಲ ಶನಿವಾರ ಅಣ್ಣ ಆಡಲು ಬಂದ. ಕಥೆ ನಡೆಸುವ ಸರದಿ ಮೊಮ್ಮಗನದು. ಮೂರು ದಿನ ಕುಳಿತು ಹನ್ನೊಂದು ಪುಟ ಬರೆದಿದ್ದ. ಹೊಳೆಯ ದಾರಿಯಲ್ಲಿ ಬರಬೇಕಾದ ಆಟಗಾರರು ಗುಡ್ಡದ ದಾರಿ ಹಿಡಿದರು. ಹನ್ನೊಂದು ಪುಟವೂ ಒಂಬತ್ತು ನಿಮಿಷದಲ್ಲಿ ಕೆಲಸಕ್ಕೆ ಬಾರದಾಯಿತು! ಮುಂದಿನದ್ದನ್ನು ಪಾಪ, ಬೆವರುತ್ತ, ತಡವರಿಸುತ್ತ, ಅಲ್ಲಲ್ಲೇ ಕಟ್ಟಿದ. ಗುಡ್ಡದಲ್ಲಿ ಒಬ್ಬ ಮುದುಕ ಸಿಕ್ಕ. ಅವನ ಕೈಯಲ್ಲಿ ವಸ್ತ್ರದಲ್ಲಿ ಸುತ್ತಿದ ಒಂದು ಜೊತೆ ತಾಳ ಇತ್ತು. ನಾನು ಹಾಸಿಗೆಯಲ್ಲಿ ಎದ್ದು ಕುಳಿತೆ.

ಹನ್ನೊಂದಕ್ಕೆ ಆಟ ಮುಗಿಯಿತು. ಅವನು ಬಂದು ನನ್ನ ಪಕ್ಕದಲ್ಲಿ ಉರುಳಿದ. "ತಾತಾ, ಗಂಟಲು ಒಣಗೇದ."

ಗಡಿಗೆಯಿಂದ ನೀರು ಬಗ್ಗಿಸಿ ಕೊಟ್ಟೆ. ಗಟಗಟನೆ ಕುಡಿದು, "ಅಣ್ಣಾ ಇದನ್ನ ವಾರಾ ವಾರಾ ಹೆಂಗ ಮಾಡ್ತಿದ್ದಾ?" ಅಂದ.

ಅಷ್ಟರಲ್ಲಿ ಫೋನು ಮಿನುಗಿತು. ಅಣ್ಣನ ಸಂದೇಶ. ಆ ತಾಳದ ಮುದುಕ ಬಹಳ ಚೆನ್ನಾಗಿದ್ದ, ಮುಂದಿನ ಸಲ ಅವನ ಊರಿಗೆ ಹೋಗೋಣ ಎಂದು ಬರೆದಿದ್ದ. ಮೊಮ್ಮಗ ಅದನ್ನು ಎರಡು ಸಲ ತನಗೆ ತಾನೇ ಓದಿಕೊಂಡ. ಮೂರನೆಯ ಸಲ ನನಗೆ ಕೇಳಲೆಂದು ಗಟ್ಟಿಯಾಗಿ ಓದಿದ.